ಲೆಕ್ಕ ಬರೆದವರೇ ಲೆಕ್ಕ ಓದುವಂತಾಗಬೇಕು

ಪ್ರಶ್ನೆ: ಕೊಡಗಿನ ಪೊನ್ನಂಪೇಟೆ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಸ್ವಯಂಸೇವಾ ಸಂಸ್ಥೆ ಇದೆ. ಬುಡಕಟ್ಟಿನವರ ಹಾಡಿಗಳಲ್ಲೂ ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳ ಬಳಿಯಲ್ಲೂ ಸೇರಿ ಹನ್ನೊಂದು ಸಂಜೆ ಕಲಿಕಾ ಕೇಂದ್ರಗಳನ್ನು ನಡೆಸುತ್ತಿದ್ದೇವೆ; ಸುಮಾರು 240 ಮಕ್ಕಳು ಬರುತ್ತಾರೆ. ಈ ವರ್ಷ ವಿದೇಶಿ ದಾನಿ ಸಂಸ್ಥೆಯೊಂದು ಮೂರು ವರ್ಷಗಳ ನೆರವು ಮಂಜೂರು ಮಾಡಿದೆ. ಜೊತೆಗೆ ‘ಉಸ್ತುವಾರಿ, ಮೌಲ್ಯಮಾಪನ ಮತ್ತು ಕಲಿಕೆ’ಗೆ ಬೆಂಬಲ ನೀಡಲೆಂದು ಬೆಂಗಳೂರಿನ ತಂಡವೊಂದನ್ನು ನೇಮಿಸಿದೆ. ಅವರು 42 ಸೂಚಕಗಳ (ಅಳೆದು ಒಪ್ಪಿಸಬೇಕಾದ ಅಂಶಗಳ) ಪಟ್ಟಿಯನ್ನೂ ಒಂದು ಮೊಬೈಲ್ ಆ್ಯಪನ್ನೂ ಕಳುಹಿಸಿದ್ದಾರೆ. ಹಾಡಿಯವರೇ ಆದ ನಮ್ಮ ಶಿಕ್ಷಕಿಯರು, ಪಾಠಕ್ಕಿಂತ ಫಾರ್ಮ್ ತುಂಬುವುದರಲ್ಲೇ ಹೊತ್ತು ಹೋಗುತ್ತದೆ ಎನ್ನುತ್ತಿದ್ದಾರೆ. ಈ ತಂಡ ಬಂದಿರುವುದು ನಮಗೆ ನೆರವಾಗಲೋ, ನಮ್ಮನ್ನು ತಪಾಸಣೆ ಮಾಡಲೋ? ಅವರಿಂದ ನಾವು ಏನನ್ನು ಕೇಳಿ ಪಡೆಯಬೇಕು? ಕೊನೆಗೆ ‘ಇಂಪ್ಯಾಕ್ಟ್’ ತೋರಿಸುವುದು ಹೇಗೆ?

ಉತ್ತರ:

ಮಾನ್ಯರೇ,

ಆ ತಂಡ ಬಂದಿರುವುದು ಎರಡಕ್ಕೂ. ದಾನಿ ಸಂಸ್ಥೆಯೂ ತನಗೆ ಹಣ ಕೊಟ್ಟವರಿಗೆ ಉತ್ತರ ಹೇಳಬೇಕು, ಹಾಗಾಗಿ ಅದು ಲೆಕ್ಕ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಒಪ್ಪಂದದಲ್ಲಿ ‘ಬೆಂಬಲ’ ಎಂಬ ಪದವನ್ನು ಬಳಸಿರುವಾಗ ಆ ಬೆಂಬಲ ನಿಮಗೆ ಸಿಗಲೇಬೇಕು. ಅದನ್ನು ಸಂಕೋಚವಿಲ್ಲದೆ ಕೇಳುವ ಹಕ್ಕು ನಿಮ್ಮದು. ನನ್ನ ಅನುಭವದಲ್ಲಿ ಸಣ್ಣ ಸಂಸ್ಥೆಗಳು ಎಡವುವುದು ಇಲ್ಲಿಯೇ. ತಂಡದವರನ್ನು ಇನ್‌ಸ್ಪೆಕ್ಟರರಂತೆ ಬರಮಾಡಿಕೊಂಡು, ಅವರು ಕೊಟ್ಟ ಫಾರ್ಮನ್ನು ತುಂಬಿಕೊಟ್ಟು, ಅವರು ಹೊರಟ ಮೇಲೆ ತಮ್ಮ ಕೆಲಸಕ್ಕೆ ಮರಳುತ್ತಾರೆ. ಹಾಗಾದರೆ ಮೂರು ವರ್ಷ ಕಳೆದರೂ ಸಂಸ್ಥೆಗೆ ಉಳಿಯುವುದು ಪಾಸ್‌ವರ್ಡ್ ಮರೆತುಹೋದ ಒಂದು ಆ್ಯಪ್ ಮಾತ್ರ.

ಪದಗಳನ್ನು ಮೊದಲು ಬಿಡಿಸಿಕೊಳ್ಳೋಣ. ಉಸ್ತುವಾರಿ ಎಂದರೆ ಕೆಲಸ ನಡೆಯುತ್ತಿರುವಾಗಲೇ ಅದರ ಮೇಲೆ ಕಣ್ಣಿಡುವುದು: ಇಂದು ಎಷ್ಟು ಮಕ್ಕಳು ಬಂದರು, ಪುಸ್ತಕ ತಲುಪಿತೇ, ಕೇಂದ್ರ ತೆರೆದಿತ್ತೇ. ಮೌಲ್ಯಮಾಪನವೆಂದರೆ ಒಂದು ಹಂತ ಮುಗಿದಾಗ ಸ್ವಲ್ಪ ದೂರ ನಿಂತು, ಈ ಕೆಲಸದಿಂದ ಮಕ್ಕಳ ಬದುಕಿನಲ್ಲಿ ಏನಾದರೂ ಬದಲಾಯಿತೇ, ಏಕೆ ಬದಲಾಯಿತು ಅಥವಾ ಬದಲಾಗಲಿಲ್ಲ ಎಂದು ವಿಚಾರಿಸುವುದು. ಕಲಿಕೆ ಎಂದರೆ ಇವೆರಡರಿಂದ ತಿಳಿದದ್ದನ್ನು ಇಟ್ಟುಕೊಂಡು ಮುಂದಿನ ತಿಂಗಳ ಕೆಲಸವನ್ನು ತಿದ್ದುವುದು. ಹಣ ಸರಿಯಾಗಿ ಖರ್ಚಾಯಿತೇ ಎಂದು ನೋಡುವ ಲೆಕ್ಕಪರಿಶೋಧನೆ ಇವು ಮೂರಕ್ಕಿಂತಲೂ ಬೇರೆ. ಅದನ್ನು ನಿಮ್ಮ ಆಡಿಟರ್ ಮಾಡುತ್ತಾರೆ.

ಕಲಿಕೆಯನ್ನೇ ನಾನು ಏಕೆ ಒತ್ತಿ ಹೇಳುತ್ತೇನೆ ಎಂಬುದಕ್ಕೆ ಕಾರಣವಾದ ಒಂದು ಪ್ರಸಂಗವಿದೆ. ಕೆಲವು ವರ್ಷಗಳ ಹಿಂದೆ ಮಾದಾಪುರದ ಕಡೆ ನಡೆಯುತ್ತಿದ್ದ, ನಿಮ್ಮದರಂತೆಯೇ ಇದ್ದ ಕೇಂದ್ರಗಳ ಮೌಲ್ಯಮಾಪನಕ್ಕೆ ಹೋಗಿದ್ದೆ. ಫೆಬ್ರವರಿಯಲ್ಲಿ ನಾಲ್ಕು ಕೇಂದ್ರಗಳ ಹಾಜರಾತಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿದ್ದನ್ನು ಕಚೇರಿಯ ಕಂಪ್ಯೂಟರಿನಲ್ಲಿದ್ದ ಗ್ರಾಫ್ ತೋರಿಸುತ್ತಿತ್ತು. ಕರಡು ವರದಿಯಲ್ಲಿ ನಾನು, ಶಿಕ್ಷಕಿಯರಿಗೆ ಉತ್ಸಾಹ ತುಂಬುವ ತರಬೇತಿ ಅಗತ್ಯ ಎಂದು ಬರೆದೂ ಆಗಿತ್ತು. ಮರುದಿನ ಆ ನಾಲ್ಕರಲ್ಲಿ ಒಂದು ಕೇಂದ್ರಕ್ಕೆ ಹೋದಾಗ ಶಿಕ್ಷಕಿ ತಗಡಿನ ಪೆಟ್ಟಿಗೆಯಿಂದ ತನ್ನ ಹಾಜರಿ ಪುಸ್ತಕ ತೆಗೆದು ಮುಂದಿಟ್ಟರು. ಇಪ್ಪತ್ತಮೂರು ಹೆಸರುಗಳಲ್ಲಿ ಒಂಬತ್ತರ ಪಕ್ಕದಲ್ಲಿ ಪೆನ್ಸಿಲಿನಿಂದ ಚಿಕ್ಕದಾಗಿ ‘ತೋ.ಬ.’ ಎಂದು ಬರೆದಿತ್ತು. ಏನೆಂದು ಕೇಳಿದೆ. “ತೋಟ ಬದಲು ಸಾರ್. ಇಲ್ಲಿ ಅರೇಬಿಕಾ ಕೊಯ್ದು ಮುಗೀತು, ಸಿದ್ದಾಪುರ, ಅಮ್ಮತ್ತಿ ಕಡೆ ರೊಬಸ್ಟಾ ಕೊಯ್ಲಿಗೆ ಹೋದ್ರು. ಮಕ್ಕಳನ್ನೂ ಕರ್ಕೊಂಡೇ ಹೋಗ್ತಾರಲ್ಲ” ಎಂದರು. ಯಾರು ಯಾವ ತೋಟಕ್ಕೆ ಹೋದರೆಂಬುದನ್ನೂ ನಾಲ್ಕು ಮಕ್ಕಳ ಹೆಸರಿನ ಮುಂದೆ ಬರೆದಿಟ್ಟಿದ್ದರು. ಆ್ಯಪಿನಲ್ಲಿ ಇದ್ದದ್ದು ‘ಹಾಜರು’ ಮತ್ತು ‘ಗೈರು’ ಎಂಬ ಎರಡೇ ಗುಂಡಿಗಳು. ಶಿಕ್ಷಕಿಗೆ ಗೊತ್ತಿದ್ದ ಸಂಗತಿ ಆ ಎರಡು ಗುಂಡಿಗಳ ನಡುವೆ ಬಿದ್ದು ಕಳೆದುಹೋಗಿ, ಕಚೇರಿ ತಲುಪುವ ಹೊತ್ತಿಗೆ ಅವರದೇ ಸೋಮಾರಿತನವಾಗಿ ಕಾಣುತ್ತಿತ್ತು. ಆ ವಾಕ್ಯವನ್ನು ವರದಿಯಿಂದ ಅಳಿಸಿದೆ. ಆದರೆ ಅದನ್ನು ಅಷ್ಟು ಸುಲಭವಾಗಿ ಬರೆದಿದ್ದೆ ಎಂಬ ನೋವು ಇಂದಿಗೂ ಇದೆ. ಮುಂದಿನ ವರ್ಷ ಆ ಸಂಸ್ಥೆಯವರು, ಕುಟುಂಬ ಹೊರಡುವಾಗಲೇ ಮಕ್ಕಳ ಹೆಸರನ್ನು ಹೊಸ ತೋಟದ ಹತ್ತಿರದ ಶಾಲೆಗೋ ಕೇಂದ್ರಕ್ಕೋ ಫೋನ್ ಮಾಡಿ ಒಪ್ಪಿಸುವ ಪದ್ಧತಿ ಮಾಡಿಕೊಂಡರು. ಆ ಮೌಲ್ಯಮಾಪನದಿಂದ ನಿಜಕ್ಕೂ ಆದ ಪ್ರಯೋಜನ ಅದೊಂದೇ, ಮತ್ತು ಅದು ಬಂದದ್ದು ಪೆನ್ಸಿಲ್ ಗುರುತಿನಿಂದ.

ಈಗ ನಿಮ್ಮ 42 ಸೂಚಕಗಳ ವಿಷಯ. ಪಟ್ಟಿಯನ್ನು ತಿರಸ್ಕರಿಸಬೇಡಿ, ತಂಡದವರ ಜೊತೆ ಕುಳಿತು ಒಂದೊಂದು ಸೂಚಕಕ್ಕೂ ಒಂದೇ ಪ್ರಶ್ನೆ ಕೇಳಿ: ಈ ಅಂಕಿ ಇಳಿದರೆ ಯಾರು, ಯಾವಾಗ, ಏನನ್ನು ಬದಲಾಯಿಸುತ್ತಾರೆ? ಉತ್ತರವಿಲ್ಲದ ಸೂಚಕವನ್ನು ಕೈಬಿಡಲು ವಿನಂತಿಸಿ. ‘ದಾನಿಯ ಜಾಗತಿಕ ವರದಿಗೆ ಬೇಕು’ ಎಂಬ ಉತ್ತರ ಬಂದರೆ ಅಂಥವನ್ನು ಬೇರೆಯಾಗಿಟ್ಟು, ವರ್ಷಕ್ಕೊಮ್ಮೆ ಕಚೇರಿಯಲ್ಲಿಯೇ ಲೆಕ್ಕ ಹಾಕಿ ಕೊಡುವುದಾಗಿ ಹೇಳಿ. ಅದನ್ನು ಶಿಕ್ಷಕಿಯರ ತಲೆಗೆ ಕಟ್ಟಬೇಡಿ. ಹೀಗೆ ಸೋಸಿದರೆ ಏಳೆಂಟು ಉಳಿಯುತ್ತವೆ, ಮತ್ತು ನಿಮ್ಮ ಗಾತ್ರದ ಸಂಸ್ಥೆಗೆ ಅಷ್ಟು ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮಗು ಕೇಂದ್ರಕ್ಕೆ ಬಂತೇ, ಹಗಲು ಶಾಲೆಗೆ ಹೋಯಿತೇ, ಬಾರದಿದ್ದರೆ ಕಾರಣವೇನು, ಓದುವ ಮಟ್ಟ ಎಲ್ಲಿದೆ ಎಂಬ ನಾಲ್ಕು ಅಂತೂ ಇರಲೇಬೇಕು. ಓದುವ ಮಟ್ಟಕ್ಕೆ ಹೊಸ ಪರೀಕ್ಷೆ ಕಟ್ಟುವ ಅಗತ್ಯವಿಲ್ಲ. ಹಳ್ಳಿ ಮಕ್ಕಳ ಓದು, ಲೆಕ್ಕವನ್ನು ಅಳೆಯುವ ‘ಅಸರ್’ ಸಮೀಕ್ಷೆಯವರು 2005ರಿಂದ ಬಳಸುತ್ತಿರುವ, ಅಕ್ಷರ, ಪದ, ಒಂದನೇ ತರಗತಿಯ ವಾಕ್ಯಗಳು, ಎರಡನೇ ತರಗತಿಯ ಕಥೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಓದಿಸುವ ಸಾಧನ ಕನ್ನಡದಲ್ಲಿ ಲಭ್ಯವಿದೆ. ಒಂದೊಂದು ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೆಲವೇ ನಿಮಿಷಗಳಲ್ಲಿ ಮುಗಿಸಬಹುದು. ಮನೆಯಲ್ಲಿ ಎರವ ಅಥವಾ ಜೇನುಕುರುಬ ಭಾಷೆ ಆಡುವ ಮಗು ಕನ್ನಡದ ಕಥೆಯನ್ನು ಗಟ್ಟಿಯಾಗಿ ಓದಿಯೂ ಅರ್ಥ ಮಾಡಿಕೊಳ್ಳದೆ ಇರಬಹುದು. ಹಾಗಾಗಿ ಓದಿದ್ದನ್ನು ತನ್ನ ಮಾತಿನಲ್ಲಿ ಹೇಳಲು ಬಿಡಿ. ಅದನ್ನು ಆಲಿಸಿ ಅರಿಯಲು ನಿಮ್ಮ ಶಿಕ್ಷಕಿಯರಿಗಿಂತ ಅರ್ಹರು ಬೆಂಗಳೂರಿನಿಂದ ಬರಲಾರರು.

ಅವರು ಕಳುಹಿಸಿರುವ ಕಾಗದಗಳಲ್ಲಿ ‘ಲಾಗ್‌ಫ್ರೇಮ್’ ಎಂಬ ಕೋಷ್ಟಕವೂ ಇರುತ್ತದೆ. 1969ರಲ್ಲಿ ಅಮೆರಿಕದ ನೆರವು ಸಂಸ್ಥೆ ಯು.ಎಸ್.ಏಡ್‌ಗಾಗಿ ರೂಪಿಸಿದ ಈ ಕೋಷ್ಟಕದಲ್ಲಿ ಗುರಿ, ಸೂಚಕ, ಸಾಕ್ಷ್ಯ ಎಂಬ ಅಂಕಣಗಳ ಆಚೆ, ಬಲತುದಿಯಲ್ಲಿ ‘ನಾವು ನಂಬಿಕೊಂಡಿರುವ ಸಂಗತಿಗಳು’ ಎಂಬ ಅಂಕಣವಿದೆ. ಎಲ್ಲರೂ ಅವಸರದಲ್ಲಿ ‘ಸರ್ಕಾರದ ಸಹಕಾರವಿರುತ್ತದೆ’ ಎಂದು ತುಂಬಿ ಬಿಡುವ ಅಂಕಣ ಇದೇ. ಕೊಡಗಿನ ಮಟ್ಟಿಗೆ ಅತ್ಯಂತ ಮುಖ್ಯವಾದ ಅಂಕಣವೂ ಇದೇ. ನಿಮ್ಮ ಇಡೀ ಯೋಜನೆ, ಮಕ್ಕಳು ಸಂಜೆ ಆರರ ನಂತರ ತೋಟದ ದಾರಿಯಲ್ಲಿ ಭಯವಿಲ್ಲದೆ ನಡೆದುಬರಬಲ್ಲರು ಎಂಬ ನಂಬಿಕೆಯ ಮೇಲೆ ನಿಂತಿದೆ. ಆನೆ ಬೀಡುಬಿಟ್ಟ ವಾರಗಳಲ್ಲಿ ಅದು ಸುಳ್ಳಾಗುತ್ತದೆ. ಜುಲೈ, ಆಗಸ್ಟಿನ ಮಳೆಯಲ್ಲಿ, ಕರೆಂಟಿಲ್ಲದ ರಾತ್ರಿಗಳಲ್ಲಿ ಮತ್ತೆ ಸುಳ್ಳಾಗುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಎಷ್ಟೋ ಊರುಗಳಲ್ಲಿ ದಾರಿಯೇ ಇರಲಿಲ್ಲ. ಇವನ್ನೆಲ್ಲ ಆ ಅಂಕಣದಲ್ಲಿ ಮೊದಲೇ ಬರೆದು, ಹಾಜರಿ ಪುಸ್ತಕದಲ್ಲಿ ‘ಆನೆ’, ‘ಮಳೆ’, ‘ತೋಟ ಬದಲು’, ‘ಕಾಯಿಲೆ’ ಎಂಬ ನಾಲ್ಕು ಸಂಕೇತಗಳಿಗೆ ಜಾಗ ಮಾಡಿಸಿ. ಆ್ಯಪಿನಲ್ಲೂ ಅದೇ ನಾಲ್ಕು ಗುಂಡಿಗಳು ಬರಲಿ. ಇದನ್ನು ಮಾಡಿಕೊಡುವುದು ಬೆಂಬಲ ತಂಡಕ್ಕೆ ಅರ್ಧ ದಿನದ ಕೆಲಸ.

ಇಲ್ಲಿ ಅಳತೆ ತಪ್ಪುವ ಇನ್ನೊಂದು ಬಗೆ ತಿಂಗಳುಗಳಿಂದ ಬರುತ್ತದೆ. ಅನುದಾನ ಏಪ್ರಿಲಿನಲ್ಲಿ ಮಂಜೂರಾಗುತ್ತದೆ, ಸಿದ್ಧತೆಗೆ ಎರಡು ತಿಂಗಳು ಬೇಕಾಗುತ್ತವೆ, ಆರಂಭಿಕ ಸಮೀಕ್ಷೆ ಜುಲೈಗೆ ಬೀಳುತ್ತದೆ. ಆಗ ಜೋರು ಮಳೆ, ಕೆಲಸ ಕಡಿಮೆ, ಸಾಹುಕಾರರಿಂದ ಪಡೆದ ಮುಂಗಡ ಬೆಳೆಯುತ್ತಿರುತ್ತದೆ. ಅಂತಿಮ ಸಮೀಕ್ಷೆಯನ್ನು ಜನವರಿಯಲ್ಲಿ ಮಾಡಿದರೆ ಕಾಫಿ ಕೊಯ್ಲಿನ ಕಾಲ, ಕೆ.ಜಿ. ಲೆಕ್ಕದ ಕೂಲಿ ಕೈಗೆ ಬರುತ್ತಿರುತ್ತದೆ. ಯೋಜನೆ ಏನೂ ಮಾಡದಿದ್ದರೂ ಕುಟುಂಬದ ವರಮಾನ ಏರಿದಂತೆ ಕಾಣುತ್ತದೆ. ಮಕ್ಕಳ ಹಾಜರಾತಿಯಾದರೆ, ನೀವು ಎಷ್ಟೇ ದುಡಿದಿದ್ದರೂ ಕುಸಿದಂತೆ ಕಾಣಬಹುದು. ಒಂದು ವರ್ಷದ ತಿಂಗಳನ್ನು ಇನ್ನೊಂದು ವರ್ಷದ ಅದೇ ತಿಂಗಳೊಂದಿಗೆ ಮಾತ್ರ ಹೋಲಿಸಬೇಕು ಎಂಬ ಷರತ್ತನ್ನು ಒಪ್ಪಂದದಲ್ಲಿಯೇ ಬರೆಸಿ. ತಂಡದವರಿಗೆ ಇಲ್ಲಿನ ವರ್ಷ ಹೇಗೆ ತಿರುಗುತ್ತದೆಂದು ತಿಳಿಯದಿದ್ದರೆ, ಹಾಡಿಯ ನಾಲ್ಕು ಜನ ಹಿರಿಯ ಹೆಂಗಸರನ್ನು ಅಂಗಳದಲ್ಲಿ ಕೂರಿಸಿ, ಹನ್ನೆರಡು ಗೆರೆ ಎಳೆದು, ಕೆಲಸವಿದ್ದ ತಿಂಗಳಿಗೆ ಹೆಚ್ಚು ಕಾಫಿ ಬೀಜ, ಇಲ್ಲದ ತಿಂಗಳಿಗೆ ಕಡಿಮೆ ಬೀಜ ಇಡಿಸಿ. ನೆಲದ ಮೇಲೆ ಹೀಗೆ ವರ್ಷವನ್ನು ಬರೆಯುವ ಸಹಭಾಗಿ ಪದ್ಧತಿ ಬೆಳೆದು ಬಂದ ಚರಿತ್ರೆಯಲ್ಲಿ 1990ರ ಆಸುಪಾಸಿನಲ್ಲಿ ನಮ್ಮ ಕರ್ನಾಟಕದ ಮೈರಾಡಾ ಸಂಸ್ಥೆಯ ಪಾಲು ದೊಡ್ಡದು. ಹಾಗಾಗಿ ಅದನ್ನು ಹೊರಗಿನಿಂದ ತರಬೇಕಾಗಿಲ್ಲ.

ಪ್ರಶ್ನಾವಳಿಯ ಭಾಷೆಯನ್ನೂ ನೀವೇ ತಿದ್ದಬೇಕು. ‘ಕಳೆದ 30 ದಿನಗಳಲ್ಲಿ ನಿಮ್ಮ ಕುಟುಂಬವು ಎಷ್ಟು ದಿನ ಆಹಾರದ ಕೊರತೆ ಅನುಭವಿಸಿತು’ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಬಂದರೂ ನಂಬುವಂತಿರುವುದಿಲ್ಲ. ಲೈನ್ ಮನೆಯಲ್ಲಿ ವಾರ ನಡೆಯುವುದು ಬಟವಾಡೆಯಿಂದ ಬಟವಾಡೆಗೆ. ‘ಹೋದ ಬಟವಾಡೆಯ ದುಡ್ಡು ಈ ಸಂತೆಯವರೆಗೆ ಬಂತೇ’ ಎಂದರೆ ಅವರು ಲೆಕ್ಕ ಒಪ್ಪಿಸುತ್ತಾರೆ. ಯಾರ ಎದುರು ಕೇಳುತ್ತೀರಿ ಎಂಬುದೂ ಅಷ್ಟೇ ಮುಖ್ಯ. ತೋಟದ ಲೆಕ್ಕ ಬರೆಯುವ ರೈಟರೋ ಮೇಸ್ತ್ರಿಯೋ ಪಕ್ಕದಲ್ಲಿ ನಿಂತಿರುವಾಗ, ಬೆಳಿಗ್ಗೆ ಏಳು ಗಂಟೆಗೆ ಸೊಂಟಕ್ಕೆ ಚೀಲ ಕಟ್ಟಿಕೊಂಡು ಕೆಲಸಕ್ಕೆ ಹೊರಟ ಹೆಂಗಸನ್ನು ನಿಲ್ಲಿಸಿ ಅರವತ್ತು ಪ್ರಶ್ನೆ ಕೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಕೆ ಎಲ್ಲದಕ್ಕೂ ‘ಹೌದು’ ಎಂದರು. ಆ ‘ಹೌದು’ಗಳು ವರದಿಯಲ್ಲಿ ಫಲಾನುಭವಿಗಳ ಸಂತೃಪ್ತಿ ಎಂದು ಅಚ್ಚಾಗುತ್ತವೆ, ಅದೇ ನನಗೆ ಸಹಿಸಲಾಗದ ಮಾತು. ಸಂದರ್ಶನ ಸಂಜೆ ಮನೆಯಲ್ಲಿ ನಡೆಯಲಿ, ಇಪ್ಪತ್ತು ನಿಮಿಷ ಮೀರದಿರಲಿ, ಬೇಡವೆನ್ನಲು ಅವರಿಗೆ ಅವಕಾಶವಿರಲಿ.

‘ಇಂಪ್ಯಾಕ್ಟ್’ ಎಂಬ ಪದಕ್ಕೆ ಬರೋಣ. ಕಟ್ಟುನಿಟ್ಟಾದ ಅರ್ಥದಲ್ಲಿ, ನಿಮ್ಮ ಕೇಂದ್ರವೇ ಇಲ್ಲದಿದ್ದರೆ ಈ ಮಕ್ಕಳು ಎಲ್ಲಿರುತ್ತಿದ್ದರೋ ಅದಕ್ಕೂ ಇಂದು ಇರುವ ಸ್ಥಿತಿಗೂ ನಡುವಿನ ವ್ಯತ್ಯಾಸವೇ ಪರಿಣಾಮ. ಅದನ್ನು ಅಳೆಯಲು ಚೀಟಿ ಎತ್ತಿದಂತೆ ಕೆಲವು ಊರುಗಳಿಗೆ ಯೋಜನೆ ಕೊಟ್ಟು, ಕೆಲವಕ್ಕೆ ಕೊಡದೆ ಹೋಲಿಸುವ ಪ್ರಯೋಗಗಳಿವೆ. ಈ ಮಾರ್ಗವನ್ನು ಬೆಳೆಸಿದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಮೈಕೆಲ್ ಕ್ರೆಮರ್ ಅವರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿತು. ಆ ಮಾರ್ಗದ ಮೇಲೆ ನನಗೆ ಗೌರವವಿದೆ, ಆದರೆ ಹನ್ನೊಂದು ಕೇಂದ್ರಗಳಿಗೆ ಅದು ಒಗ್ಗುವುದಿಲ್ಲ. ಅಷ್ಟು ಕಡಿಮೆ ಸಂಖ್ಯೆಯಲ್ಲಿ ಆಕಸ್ಮಿಕವನ್ನೂ ಪರಿಣಾಮವನ್ನೂ ಬೇರೆ ಮಾಡಿ ತೋರಿಸಲಾಗದು. ಇಪ್ಪತ್ತಮೂರು ಮಕ್ಕಳ ಕೇಂದ್ರದಲ್ಲಿ ಒಂದು ಮಗು ಬಿಟ್ಟುಹೋದರೆ ಹಾಜರಾತಿ ಶೇಕಡಾ ನಾಲ್ಕಕ್ಕಿಂತ ಹೆಚ್ಚು ಇಳಿಯುತ್ತದೆ. ಅಲ್ಲಿ ದಶಾಂಶಗಳಲ್ಲಿ ಬರೆದ ಶೇಕಡಾವಾರು ಓದುಗರ ಕಣ್ಣು ಕಟ್ಟುವುದಷ್ಟೆ. ‘23ರಲ್ಲಿ 17’ ಎಂದೇ ಬರೆಯಿರಿ. ಕೆಲವರನ್ನಷ್ಟೇ ಆರಿಸಿ ನೋಡುವ ಮಾದರಿ ಸಮೀಕ್ಷೆಯೂ ಬೇಡ, 240 ಮಕ್ಕಳನ್ನೂ ವರ್ಷಕ್ಕೆರಡು ಬಾರಿ ನೋಡಲು ನಿಮಗೆ ಸಾಧ್ಯ.

ಆದ್ದರಿಂದ ದಾನಿ ಸಂಸ್ಥೆಗೆ ಹೀಗೆ ಹೇಳಿ: ಬದಲಾವಣೆ ‘ನಮ್ಮಿಂದಲೇ’ ಆಯಿತೆಂದು ಸಾಧಿಸುವ ಬದಲು, ಅದರಲ್ಲಿ ನಮ್ಮ ಪಾಲು ಏನು ಎಂಬುದನ್ನು ಸಾಕ್ಷ್ಯಸಮೇತ ತೋರಿಸುತ್ತೇವೆ. ಜಾನ್ ಮೇನ್ ಎಂಬ ಕೆನಡಾದ ಮೌಲ್ಯಮಾಪನ ತಜ್ಞರು ಬೆಳೆಸಿದ ಈ ಕ್ರಮವನ್ನು ತಂಡದವರು ಬಲ್ಲರು, ಒಪ್ಪುತ್ತಾರೆ ಕೂಡ. ಇದರಲ್ಲಿ ಪ್ರಾಮಾಣಿಕವಾಗಿ ಬೇರೆಯವರ ಪಾಲನ್ನೂ ಬರೆಯಬೇಕಾಗುತ್ತದೆ: ಆಶ್ರಮ ಶಾಲೆ, ಅಂಗನವಾಡಿ ಕಾರ್ಯಕರ್ತೆ, ಹಗಲು ಶಾಲೆಯ ಮೇಷ್ಟರು, ಆ ವರ್ಷದ ಕಾಫಿ ಬೆಲೆ. 2024ರಲ್ಲಿ ರೊಬಸ್ಟಾ ಬೆಲೆ ದಾಖಲೆ ಮಟ್ಟಕ್ಕೆ ಏರಿತ್ತು. ಅಂಥ ವರ್ಷದಲ್ಲಿ ಒಂದು ಕುಟುಂಬದ ಕೈಯಲ್ಲಿ ನಾಲ್ಕು ಕಾಸು ಹೆಚ್ಚು ಓಡಾಡಿದ್ದರೆ ಅದನ್ನು ಸಂಜೆ ಕೇಂದ್ರದ ಸಾಧನೆ ಎನ್ನುವುದು ಸಲ್ಲದು. ಮೂರನೇ ವರ್ಷ ಬರುವ ಹೊರಗಿನ ಮೌಲ್ಯಮಾಪಕರು ಬಹುಮಟ್ಟಿಗೆ ಸಿರಿವಂತ ದೇಶಗಳ ಕೂಟವಾದ ಓ.ಇ.ಸಿ.ಡಿ.ಯ ಮಾನದಂಡಗಳನ್ನು ಹಿಡಿದೇ ಬರುತ್ತಾರೆ. 1991ರಲ್ಲಿ ಐದಿದ್ದವು: ಪ್ರಸ್ತುತತೆ, ಪರಿಣಾಮಕಾರಿತ್ವ, ದಕ್ಷತೆ, ಪರಿಣಾಮ, ಸುಸ್ಥಿರತೆ. 2019ರಲ್ಲಿ ಆರನೆಯದಾಗಿ, ಅಕ್ಕಪಕ್ಕದ ಇತರ ಕೆಲಸಗಳೊಂದಿಗೆ ನಿಮ್ಮದು ಹೊಂದುತ್ತದೆಯೇ ಎಂಬುದು ಸೇರಿತು. ಬೇರೆಯವರ ಪಾಲನ್ನು ಬರೆದಿಟ್ಟವರಿಗೆ ಆ ಆರನೆಯದಕ್ಕೆ ಉತ್ತರಿಸುವುದು ಕಷ್ಟವಾಗುವುದಿಲ್ಲ.

ಹಣದ ವಿಷಯದಲ್ಲಿ ಎಚ್ಚರ ಬೇಕು. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯ ನಂತರ ಆಡಳಿತ ವೆಚ್ಚದ ಮಿತಿ ಶೇ. 50ರಿಂದ ಶೇ. 20ಕ್ಕೆ ಇಳಿದಿದೆ, ವಿದೇಶಿ ವಂತಿಗೆಯನ್ನು ಪಡೆದ ಸಂಸ್ಥೆ ಅದನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ವರದಿ ಬರೆದು ಸಲ್ಲಿಸುವ ಖರ್ಚು, ವೃತ್ತಿಪರ ಶುಲ್ಕ ಇವು ಆಡಳಿತ ವೆಚ್ಚವೆಂದೇ ಲೆಕ್ಕಕ್ಕೆ ಬರುತ್ತವೆ. ಅಂದರೆ ಬೆಂಬಲ ತಂಡದ ಶುಲ್ಕವನ್ನು ನಿಮ್ಮ ಬಜೆಟ್ಟಿಗೆ ಸೇರಿಸಿದರೆ, ನಿಮ್ಮ ಅಕೌಂಟೆಂಟರ ಸಂಬಳಕ್ಕೂ ಕಚೇರಿ ಬಾಡಿಗೆಗೂ ಇರುವ ಜಾಗವನ್ನು ಅದು ತಿನ್ನುತ್ತದೆ. ಆ ಶುಲ್ಕವನ್ನು ದಾನಿ ಸಂಸ್ಥೆ ನೇರವಾಗಿ ತಂಡಕ್ಕೆ ಕೊಡುವಂತೆ ಮಾತಾಡಿಕೊಳ್ಳಿ, ಮತ್ತು ಸಹಿ ಹಾಕುವ ಮೊದಲು ನಿಮ್ಮ ಆಡಿಟರಿಗೆ ಒಪ್ಪಂದದ ಪ್ರತಿಯನ್ನು ತೋರಿಸಿ.

ದತ್ತಾಂಶ ಯಾರದು? ಇದನ್ನು ಯಾರೂ ಕೇಳುವುದಿಲ್ಲ, ಆದರೆ ಕೇಳಲೇಬೇಕು. 2025ರಲ್ಲಿ ಯು.ಎಸ್.ಏಡ್ ಮುಚ್ಚಿದಾಗ ಏನಾಯಿತೆಂದು ನೆನಪಿಸಿಕೊಳ್ಳಿ. ಅದರ ಹಣದಿಂದ, ಬರಗಾಲದ ಮುನ್ಸೂಚನೆ ಕೊಡಲೆಂದು 1985ರಿಂದ ನಡೆದುಬಂದಿದ್ದ ‘ಫ್ಯೂಸ್‌ನೆಟ್’ನ ತಾಣ ಆ ವರ್ಷದ ಜನವರಿಯ ಕೊನೆಯಲ್ಲಿ ಕತ್ತಲಾಗಿ, ಮರಳಿ ಬರಲು ತಿಂಗಳುಗಳೇ ಹಿಡಿದವು. 1984ರಿಂದ ತೊಂಬತ್ತಕ್ಕೂ ಹೆಚ್ಚು ದೇಶಗಳಲ್ಲಿ ತಾಯಿ ಮಕ್ಕಳ ಆರೋಗ್ಯದ ಸಮೀಕ್ಷೆಗೆ ನೆರವಾಗುತ್ತಿದ್ದ ಡಿ.ಎಚ್.ಎಸ್. ಕಾರ್ಯಕ್ರಮಕ್ಕೂ ಹಣ ನಿಂತಿತು. ಅಷ್ಟು ದೊಡ್ಡವಕ್ಕೇ ಹಾಗಾದ ಮೇಲೆ ಹನ್ನೊಂದು ಕೇಂದ್ರಗಳ ಮಾಹಿತಿ ಯಾರದೋ ಸರ್ವರಿನಲ್ಲಿ ಮಾತ್ರ ಇರಬಾರದು. ಪ್ರತಿ ತಿಂಗಳ ಕೊನೆಗೆ ಪೂರ್ತಿ ಮಾಹಿತಿಯ ಎಕ್ಸೆಲ್ ಪ್ರತಿ ನಿಮ್ಮ ಕಚೇರಿಯ ಕಂಪ್ಯೂಟರಿಗೆ ಬರಬೇಕು, ಕಾಗದದ ಹಾಜರಿ ಪುಸ್ತಕವೂ ಉಳಿಯಬೇಕು. ಮಕ್ಕಳ ಫೋಟೊ, ಹೆಸರು, ಜಾತಿ, ಆಧಾರ್ ಸಂಖ್ಯೆ ಇವು ವರದಿಯ ಜೊತೆ ಹೊರದೇಶಕ್ಕೆ ಹೋಗಬೇಕಾದ ಕಾರಣ ಯಾವುದೂ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆಯನ್ನು ಬೇಡುತ್ತದೆ. ಓದಲು ಬಾರದ ತಾಯಿಯ ಹೆಬ್ಬೆಟ್ಟನ್ನು ಇಂಗ್ಲಿಷ್ ಫಾರ್ಮಿನ ಕೆಳಗೆ ಒತ್ತಿಸಿಕೊಳ್ಳುವುದನ್ನು ಒಪ್ಪಿಗೆ ಎಂದು ದಯವಿಟ್ಟು ಕರೆಯಬೇಡಿ. ಏನು ಬರೆದುಕೊಳ್ಳುತ್ತೇವೆ, ಯಾರು ನೋಡುತ್ತಾರೆ ಎಂಬುದನ್ನು ಅವರ ಮಾತಿನಲ್ಲಿ ಹೇಳಿ, ಹೇಳಿದ ದಿನವನ್ನು ಬರೆದಿಡಿ.

ಕೊನೆಯದಾಗಿ, ತಂಡದಿಂದ ನೀವು ಕೇಳಿ ಪಡೆಯಲೇಬೇಕಾದದ್ದು ಮೂರು ತಿಂಗಳಿಗೊಮ್ಮೆ ನಿಮ್ಮ ಶಿಕ್ಷಕಿಯರೊಂದಿಗೆ ಅರ್ಧ ದಿನ. ಅದು ಕೊಯ್ಲಿನ ಭರದಲ್ಲಿ ಬೇಡ, ಪುತ್ತರಿ, ಕೈಲ್‌ಪೊಳ್ದ್ ಹಬ್ಬಗಳ ವಾರದಲ್ಲಿ ಬೇಡ. ಯಾವುದಾದರೊಂದು ಕೇಂದ್ರದಲ್ಲಿ ನಡೆಯಲಿ. ಹನ್ನೊಂದು ಕೇಂದ್ರಗಳ ಅಂಕಿಗಳನ್ನು ದೊಡ್ಡ ಹಾಳೆಯ ಮೇಲೆ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ, ಮೊದಲು ಶಿಕ್ಷಕಿಯರೇ ಓದಿ ಕಾರಣ ಹೇಳಲಿ. ತಂಡದವರು ಆಮೇಲೆ ಮಾತಾಡಲಿ. ಮುಂದಿನ ಮೂರು ತಿಂಗಳಲ್ಲಿ ಬದಲಾಯಿಸುವ ಒಂದೋ ಎರಡೋ ಸಂಗತಿಗಳನ್ನು ಅಲ್ಲಿಯೇ ನಿರ್ಧರಿಸಿ, ಮುಂದಿನ ಸಭೆ ಅದರಿಂದಲೇ ಶುರುವಾಗಲಿ. ಎರಡನೇ ವರ್ಷದ ಕೊನೆಗೆ ಈ ಸಭೆಯನ್ನು ತಂಡದ ನೆರವಿಲ್ಲದೆ ನಡೆಸುವಷ್ಟು ಕೌಶಲ ನಿಮ್ಮವರಲ್ಲಿ ಇಬ್ಬರಿಗಾದರೂ ಬರಬೇಕು ಎಂಬುದನ್ನು ತಂಡದ ಕೆಲಸದ ಸೂಚಕವಾಗಿ ಒಪ್ಪಂದದಲ್ಲಿ ಬರೆಸಿ. ಸಭೆಗೆ ಬರುವ ಶಿಕ್ಷಕಿಯರ ಆ ದಿನದ ಗೌರವಧನವನ್ನೂ ಬಸ್ ಚಾರ್ಜನ್ನೂ ಬಜೆಟ್ಟಿನಲ್ಲಿ ಪ್ರತ್ಯೇಕ ಬಾಬ್ತಾಗಿ ತೋರಿಸಿ. ಅವರಲ್ಲಿ ಹೆಚ್ಚಿನವರು ಅಂದಿನ ತೋಟದ ಕೂಲಿ ಬಿಟ್ಟು ಬಂದಿರುತ್ತಾರೆ.